ಕ್ಲೋಜಪಿನ್ ಮಾತ್ರೆಯ ಕೆಲಸವನ್ನು ರೋಗಿಯ ಮನೆಯವರಿಗೆ ವಿವರಿಸುವ ಬಗೆ

ಕಲಬುರಗಿಯ ಸುತ್ತಲಿನ ಹಳ್ಳಿಗಳಿಂದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ರೋಗಿಯನ್ನು ಕರೆತರುವ ಮನೆಯವರು “ಈ ಗುಳಿಗಿ ತಲ್ಯಾಗ ಹೋಗಿ ಏನ್ ಮಾಡ್ತದ್ರೀ?” ಎಂದು ಕೇಳಿದರೆ, ಡೋಪಮಿನ್ (ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ) ಎಂಬ ಒಂದೇ ಪದದಲ್ಲಿ ಉತ್ತರ ಮುಗಿಸಬೇಡಿ. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳಿಗೆ ಆ ಉತ್ತರ ಬಹುಮಟ್ಟಿಗೆ ಸಾಕು. ಬೇರೆ ಮಾತ್ರೆಗಳಿಗೆ ಮಣಿಯದ ಕಾಯಿಲೆಗೆ ಕೊಡುವ ಕ್ಲೋಜಪಿನ್‌ಗೆ ಅದು ಸಾಲದು, ಏಕೆಂದರೆ ಡೋಪಮಿನ್ ಡಿ2 ಗ್ರಾಹಕಗಳ (ಡೋಪಮಿನ್ ತಂದ ಸಂದೇಶವನ್ನು ಹಿಡಿಯುವ, ನರಕೋಶದ ಮೇಲಿನ ಪ್ರೋಟೀನ್‌ಗಳ) ಮೇಲೆ ಅದರ ಹಿಡಿತ ಸಡಿಲ.

ತೊಗರಿ ಹೊಲದಿಂದ ಆರಂಭಿಸಿ. ಎರೆಮಣ್ಣಿನಲ್ಲಿ ಮಳೆನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಬಸಿಗಾಲುವೆ ತೋಡುತ್ತಾರೆ. ಕಾಲುವೆ ಅತಿಯಾಗಿ ಎಳೆದರೆ ತೇವವೇ ಉಳಿಯದು. ನರಕೋಶಗಳು ಪರಸ್ಪರ ಸಂದೇಶ ಕಳಿಸಲು ಸುರಿಸುವ ಗ್ಲುಟಮೇಟ್ ಆ ನೀರು. ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಪೋಷಕ ಕೋಶಗಳು ಬಸಿಗಾಲುವೆಗಳು. ಅವುಗಳ ಪೊರೆಯಲ್ಲಿರುವ ಜಿಎಲ್‌ಟಿ-1 ಎಂಬ ಸಾಗಣೆ ಪ್ರೋಟೀನ್ ಮುಂಮಿದುಳಿನ ಗ್ಲುಟಮೇಟ್‌ನ ಬಹುಪಾಲನ್ನು ಒಳಗೆಳೆದುಕೊಳ್ಳುತ್ತದೆ, ಅಲ್ಲಿ ಅದು ಗ್ಲುಟಮಿನ್ ಆಗಿ ಮಾರ್ಪಟ್ಟು ನರಕೋಶಕ್ಕೆ ಮರಳುತ್ತದೆ. ಹೋಲಿಕೆ ಇಲ್ಲಿ ಕುಂಟುತ್ತದೆ, ಹೊಲದ ಕಾಲುವೆ ನೀರನ್ನು ಹಿಂದಿರುಗಿಸುವುದಿಲ್ಲ, ಅದನ್ನೂ ಹೇಳಿಬಿಡಿ.

ಎನ್‌ಎಂಡಿಎ ಎಂಬ ಗ್ಲುಟಮೇಟ್ ಗ್ರಾಹಕವನ್ನು ಕೆಟಮಿನ್ ತಡೆದಾಗ ಆರೋಗ್ಯವಂತರಲ್ಲೂ ಸ್ವಲ್ಪ ಹೊತ್ತು ಸ್ಕಿಜೋಫ್ರೇನಿಯಾವನ್ನು ಹೋಲುವ ಲಕ್ಷಣಗಳು ಕಾಣುತ್ತವೆ. ರೋಗದಲ್ಲಿ ಈ ಗ್ರಾಹಕದ ಕೆಲಸ ಕುಗ್ಗಿರುತ್ತದೆ ಎಂಬ ವಾದ ಹುಟ್ಟಿದ್ದು ಹೀಗೆ. ಕ್ಲೋಜಪಿನ್ ಕೊಟ್ಟ ಇಲಿಗಳ ಮಿದುಳಿನ ತೊಗಟೆಯಲ್ಲೂ ಪ್ರಯೋಗಾಲಯದಲ್ಲಿ ಬೆಳೆಸಿದ ಆಸ್ಟ್ರೋಸೈಟ್‌ಗಳಲ್ಲೂ ಜಿಎಲ್‌ಟಿ-1 ಕಡಿಮೆಯಾದದ್ದು ಕಂಡಿದೆ. ಕಾಲುವೆ ಕಿರಿದಾದರೆ ಗ್ಲುಟಮೇಟ್ ಇನ್ನಷ್ಟು ಹೊತ್ತು ನಿಂತು, ಸೊರಗಿದ ಗ್ರಾಹಕಕ್ಕೆ ನೆರವಾಗಬಹುದು.

ಈ “ಬಹುದು” ಎಂಬುದನ್ನು ನುಂಗಬೇಡಿ. ಕ್ಲೋಜಪಿನ್ ಫಲ ಕೊಡುವ ರಕ್ತದ ಮಟ್ಟ ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 350 ನ್ಯಾನೊಗ್ರಾಂ, ಅಂದರೆ ಪ್ರಯೋಗಾಲಯದ ಸಾಂದ್ರತೆಯ ಅಳತೆಯಲ್ಲಿ ಸುಮಾರು 1 ಮೈಕ್ರೊಮೋಲಾರ್. ತಟ್ಟೆಯಲ್ಲಿನ ಕೋಶಗಳಿಗೆ ಅದರ ಹತ್ತು ಪಟ್ಟು ಹಾಕಿ ಪಡೆದ ಫಲಿತಾಂಶವನ್ನು ಎದುರಿಗೆ ಕುಳಿತ ರೋಗಿಗೆ ನೇರವಾಗಿ ಅನ್ವಯಿಸಲಾಗದು.

ಪೋಷಕ ಕೋಶದ ಮಾತು ಕೇಳಿ “ಗುಳಿಗೆ ಮಿದುಳು ಕೆಡಿಸುತ್ತದೆ” ಎಂದು ಯಾರಾದರೂ ಹೆದರಿದರೆ, ಅಂದೇ ಕೂತು ಬಿಡಿಸಿ ಹೇಳಿ, ಏಕೆಂದರೆ ಹೆದರಿ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಬಹುದು. ಬಿಳಿ ರಕ್ತಕಣಗಳು ಅಪಾಯಕಾರಿಯಾಗಿ ಇಳಿಯುವ ಸಾಧ್ಯತೆಯಿರುವುದರಿಂದ ಮೊದಲ 18 ವಾರ ಪ್ರತಿ ವಾರವೂ ರಕ್ತಪರೀಕ್ಷೆ ಆಗಲೇಬೇಕು. ಬಸ್ಸು ತಪ್ಪಿಯೋ ಸುಗ್ಗಿಯ ಗಡಿಬಿಡಿಯಲ್ಲೋ ಮಾತ್ರೆ 48 ಗಂಟೆಗಿಂತ ಹೆಚ್ಚು ಬಿಟ್ಟುಹೋದರೆ, ಹಳೆಯ ಪ್ರಮಾಣವನ್ನೇ ನುಂಗದೆ ವೈದ್ಯರ ಬಳಿ ಬರಬೇಕು, ಅವರು 12.5 ಮಿಲಿಗ್ರಾಂನಿಂದ ಮತ್ತೆ ಆರಂಭಿಸುತ್ತಾರೆ.