ಮಸಿ ಬಳಿಯದೆ ಮಂಡೇಲಾ ಆಗುವುದು ಹೇಗೆ?

ಶಾಲೆಯ ಛದ್ಮವೇಷ ಸ್ಪರ್ಧೆಗೆ ಮಗುವಿನ ಪಾತ್ರ ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ ಎಂದು ಗೊತ್ತಾದ ಕೂಡಲೇ ಮನೆಯವರ ಕೈ ಕಾಡಿಗೆ ಡಬ್ಬಿಗೆ ಹೋಗುತ್ತದೆ. ಆಮೇಲೆ ಬಾಡಿಗೆ ಡ್ರೆಸ್ ಅಂಗಡಿಯಿಂದ ಗುಂಗುರು ಕೂದಲಿನ ವಿಗ್ ಬರುತ್ತದೆ. ಎರಡನ್ನೂ ಬಿಟ್ಟು ಈ ವೇಷ ಕಟ್ಟಬಹುದು, ಬಿಡಲೇಬೇಕು ಕೂಡ.

ಕಾರಣ ಹಳೆಯದು. 1830ರ ದಶಕದಲ್ಲಿ ಅಮೆರಿಕದ ರಂಗಮಂದಿರಗಳಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದುಕೊಂಡು, ‘ಜಿಮ್ ಕ್ರೋ’ ಎಂಬ ಪಾತ್ರದಲ್ಲಿ ಕಪ್ಪುವರ್ಣೀಯರನ್ನು ಅಣಕಿಸಿ ಕುಣಿಯುತ್ತಿದ್ದ. ಮುಂದೆ ಬಸ್ಸು, ಶಾಲೆ, ಹೋಟೆಲುಗಳಲ್ಲಿ ಅವರನ್ನು ಬೇರೆ ಕೂರಿಸಿದ ಕಾನೂನುಗಳಿಗೂ ಅದೇ ಹೆಸರು ಅಂಟಿತು. ಅಮೆರಿಕದ ಕಪ್ಪುವರ್ಣೀಯ ಮಹಿಳೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಟ್ಟೇಳದೆ ಕುಳಿತದ್ದು ಆ ಕಾನೂನಿಗೆ ಎದುರಾಗಿ. ಆಕೆಯ ಪಾತ್ರಕ್ಕೆ ಮಸಿ ಬಳಿದರೆ, ಮಗು ತೊಡುವುದು ಆಕೆಯ ವೇಷವಲ್ಲ, ಅಣಕಿಸಿದವನ ವೇಷ. ‘ನಮ್ಮೂರಲ್ಲಿ ಇದೆಲ್ಲ ಯಾರಿಗೆ ಗೊತ್ತು’ ಎನ್ನುವಂತೆಯೂ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆ ಆಫ್ರಿಕಾ ಮೂಲದ ಸಿದ್ದಿ ಮಕ್ಕಳು ನಮ್ಮದೇ ಶಾಲೆಗಳಲ್ಲಿ ಓದುತ್ತಾರೆ. ಉಳಿದ ಊರುಗಳಲ್ಲೂ ‘ಕರಿಯ’ ಎಂದು ಕರೆಸಿಕೊಂಡು ಸುಮ್ಮನಾಗುವ ಮಕ್ಕಳಿಗೇನು ಬರವೇ?

ಹಾಗಾದರೆ ಗುರುತು ಎಲ್ಲಿಂದ? ಬಟ್ಟೆಯಿಂದ, ಕೈಯಲ್ಲಿನ ವಸ್ತುವಿನಿಂದ, ಆಡುವ ಮಾತಿನಿಂದ. ಮಂಡೇಲಾಗೆ ಖಾಕಿ ಅಂಗಿ, ಖಾಕಿ ಚಡ್ಡಿ ಸಾಕು. 15 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಬಿಳಿ ರಟ್ಟಿನ ಮೇಲೆ ದಪ್ಪ ಮಾರ್ಕರಿನಿಂದ 466/64 ಎಂದು ಬರೆದು ಎದೆಗೆ ಸಿಕ್ಕಿಸಿ. ಪಿನ್ನು ಎರಡೂ ತುದಿಗೆ ಇರಲಿ. ಒಂದೇ ಆದರೆ ವೇದಿಕೆ ಮೇಲೆ ರಟ್ಟು ಮಗುಚಿಕೊಳ್ಳುತ್ತದೆ. 1964ರಲ್ಲಿ ರಾಬೆನ್ ದ್ವೀಪದ ಜೈಲಿಗೆ ಬಂದ 466ನೇ ಕೈದಿ ಎಂಬುದು ಈ ಸಂಖ್ಯೆಯ ಅರ್ಥ. ಚಡ್ಡಿಯ ಬದಲು ಪ್ಯಾಂಟ್ ಹಾಕಬೇಡಿ. ಆ ಜೈಲಿನಲ್ಲಿ ಆಫ್ರಿಕನ್ನರಿಗೆ ಚಡ್ಡಿ, ಭಾರತೀಯ ಮೂಲದ ಸಹಕೈದಿ ಅಹ್ಮದ್ ಕತ್ರಾಡಾಗೆ ಉದ್ದ ಪ್ಯಾಂಟ್ ಕೊಟ್ಟಿದ್ದರು. ವರ್ಣಭೇದ ಏನೆಂದು ತೋರಿಸಲು ಆ ಚಡ್ಡಿಯೊಂದೇ ಸಾಕು, ಮಗುವಿನ ಮಾತಿನಲ್ಲೂ ಅದು ಬರಲಿ. ಅಧ್ಯಕ್ಷ ಮಂಡೇಲಾ ಆಗಬೇಕಿದ್ದರೆ ಕುತ್ತಿಗೆವರೆಗೆ ಗುಂಡಿ ಹಾಕಿದ, ದೊಡ್ಡ ಚಿತ್ತಾರದ ತುಂಬುತೋಳಿನ ಅಂಗಿಯನ್ನು ಇನ್ ಮಾಡದೆ ತೊಡಿಸಿ. ನರೆಗೂದಲಿಗೆ ಅರ್ಧ ಚಮಚ ಕಾರ್ನ್‌ಫ್ಲೋರನ್ನು ಒಣ ಬ್ರಷ್‌ನಲ್ಲಿ ಸವರಿದರಾಯಿತು. ಎಣ್ಣೆ ಹಚ್ಚಿದ ತಲೆಗೆ ಸವರಿದರೆ ಉಂಡೆ ಕಟ್ಟುತ್ತದೆ.

ರೋಸಾ ಪಾರ್ಕ್ಸ್‌ಗೆ ಮೊಣಕಾಲು ಮುಚ್ಚುವ ಕೋಟು, ಗಾಜಿಲ್ಲದ ಕನ್ನಡಕ, ಕೈಚೀಲ, ಅಕ್ಕಪಕ್ಕ ಎರಡು ಕುರ್ಚಿ. ಮಗು ಕಿಟಕಿ ಕಡೆಯ ಕುರ್ಚಿಯಲ್ಲಿ ಕೂರಲಿ, ಪಕ್ಕದ್ದು ಖಾಲಿ ಇರಲಿ. ಇಲ್ಲಿ ತಪ್ಪುವುದು ಭಾಷಣ. ‘ಬಿಳಿಯರ ಸೀಟಿನಲ್ಲಿ ಕುಳಿತಳು’, ‘ಕಾಲುನೋವಿಗೆ ಏಳಲಿಲ್ಲ’ ಎಂದು ಕಲಿಸಿಬಿಡುತ್ತಾರೆ. 1955ರ ಡಿಸೆಂಬರ್ 1ರಂದು ಮಾಂಟ್ಗೊಮರಿಯಲ್ಲಿ ಆಕೆ ಕುಳಿತದ್ದು ಕಪ್ಪುವರ್ಣೀಯರಿಗೆ ಬಿಟ್ಟ ಸಾಲಿನಲ್ಲೇ. ಮುಂದಿದ್ದ ಬಿಳಿಯರ ಸೀಟುಗಳು ತುಂಬಿದ್ದರಿಂದ ಚಾಲಕ ಏಳಲು ಹೇಳಿದ. ಇದನ್ನು ವಿರೋಧಿಸಿ ಕಪ್ಪುವರ್ಣೀಯರ ಬಸ್ ಬಹಿಷ್ಕಾರ 381 ದಿನ ನಡೆಯಿತು. ಎಂಟು ಚಿಕ್ಕ ವಾಕ್ಯಗಳಲ್ಲಿ ಇಷ್ಟು ಹೇಳಿಸಿದರೆ ಎರಡು ನಿಮಿಷದೊಳಗೆ ಮುಗಿಯುತ್ತದೆ.

ನಮ್ಮ ಚರಿತ್ರೆಗೂ ಇದೇ ಲೆಕ್ಕ. ಅಂಬೇಡ್ಕರ್‌ಗೆ ನೀಲಿ ಸೂಟು, ದುಂಡು ಕನ್ನಡಕ, ಕೈಯಲ್ಲಿ ಸಂವಿಧಾನ ಇದ್ದರೆ ಮುಗಿಯಿತು. ಓಬವ್ವನ ವೇಷದಲ್ಲಿ ಎಡವುವುದು ಎದುರಾಳಿಯ ವಿಷಯದಲ್ಲಿ. ಇನ್ನೊಂದು ಮಗುವಿಗೆ ಟೋಪಿ, ಗಡ್ಡ ಹಾಕಿ ಒನಕೆಯೇಟು ತಿನ್ನಿಸುವುದು ಬೇಡ. ಹೈದರಾಲಿಯ ಸೈನಿಕರು ಕಾಣಿಸಲೇಬೇಕೆಂದಿಲ್ಲ, ಕಿಂಡಿ ಕಂಡರೆ ಸಾಕು. ಮೂರಡಿ ಚೌಕದ ರಟ್ಟಿನ ನಡುವೆ ಒಂದೂವರೆ ಅಡಿಯ ತೂತು ಕೊರೆದು ಕುರ್ಚಿಗೆ ಕಟ್ಟಿ. ಒನಕೆಗೆ ಬಟ್ಟೆ ಅಂಗಡಿಯವರು ಎಸೆಯುವ ರಟ್ಟಿನ ಕೊಳವೆಯೇ ಸರಿ. ಥರ್ಮಾಕೋಲ್ ಒಂದೇ ಏಟಿಗೆ ಮುರಿಯುತ್ತದೆ.

ಶಿಕ್ಷಕರಿಗೊಂದು ಮಾತು: ಪಾತ್ರ ಹಂಚುವಾಗ ಬೆಳ್ಳಗಿನ ಹುಡುಗಿಗೆ ಭಾರತಮಾತೆ, ಕಪ್ಪು ಹುಡುಗನಿಗೆ ರಾಕ್ಷಸ ಎಂದು ಕೊಡುವ ಚಾಳಿ ಮಸಿಗಿಂತ ಕೆಟ್ಟದ್ದು. ಮಸಿ ಸಂಜೆಗೆ ತೊಳೆದುಹೋಗುತ್ತದೆ. ಚೀಟಿ ಎತ್ತಿಸಿ.

ಸ್ಪರ್ಧೆಯ ದಿನ ಮಗು ಆಗಲೇ ಮಸಿ ಬಳಿದುಕೊಂಡು ಬಂದಿದ್ದರೆ ಎಲ್ಲರೆದುರು ಬೈಯಬೇಡಿ, ಅದರ ತಪ್ಪೇನೂ ಇಲ್ಲ. ಪಕ್ಕದ ಕೋಣೆಗೆ ಕರೆದೊಯ್ಯಿರಿ. ಕಾಡಿಗೆಯಲ್ಲಿ ಜಿಡ್ಡಿರುವುದರಿಂದ ಬರೀ ಸೋಪಿಗೆ ಹೋಗದು, ಉಜ್ಜಿದರೆ ಕೆನ್ನೆ ಕೆಂಪಾಗುತ್ತದೆ. ಒಂದು ಚಮಚ ಕೊಬ್ಬರಿ ಎಣ್ಣೆಯನ್ನು ಕಣ್ಣಿಗೆ ತಾಗದಂತೆ ಸವರಿ, ಎರಡು ನಿಮಿಷ ಬಿಟ್ಟು ಹತ್ತಿಯಿಂದ ಒರೆಸಿ, ಆಮೇಲೆ ಸೋಪು ಹಾಕಿ. ಸರದಿಯನ್ನು ಕೊನೆಗೆ ತಳ್ಳಿಸಿ, ಸಂಖ್ಯೆಯ ರಟ್ಟು ನೆಟ್ಟಗೆ ಮಾಡಿ ವೇದಿಕೆಗೆ ಕಳಿಸಿ.