ಕ್ರ್ಯಾನ್‌ಫೀಲ್ಡ್‌ಗೆ ಬರುವವರಿಗೆ: ಮೊದಲು ರನ್‌ವೇ, ಆಮೇಲೆ ಕಾಲೇಜು

ಸೆಪ್ಟೆಂಬರ್ ಬಂತೆಂದರೆ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯಕ್ಕೆ ಓದಲು ಬರುವ ಹೊಸ ಹುಡುಗ ಹುಡುಗಿಯರ ಫೋನು ನನಗೆ ಶುರು. "ಅಕ್ಕಾ, ಕ್ಯಾಂಪಸ್ ಊರಿಂದ ಯಾಕಿಷ್ಟು ದೂರ? ಸುತ್ತ ಬರೀ ಹೊಲ!" ಹೊಲವೇ ಇರಬೇಕು ಕಣ್ರೋ. ಇದು ಯುದ್ಧ ವಿಮಾನಗಳಿಗೆಂದು ಆರಿಸಿದ ಜಾಗ. ಕಾಲೇಜು ಆಮೇಲೆ ಬಂದು ಸೇರಿಕೊಂಡಿತು.

ಬ್ರಿಟಿಷ್ ವಾಯುಪಡೆ ಇಲ್ಲಿ ನೆಲೆ ತೆರೆದದ್ದು 1937ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಕತ್ತಲಲ್ಲಿ ಹಾರಿ ಶತ್ರು ವಿಮಾನ ಬೇಟೆಯಾಡುವ ಪೈಲಟ್‌ಗಳು ಇಲ್ಲಿ ತಯಾರಾದರು. ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಇದೇ ನೆಲದಲ್ಲಿ ಕಾಲೇಜ್ ಆಫ್ ಏರೋನಾಟಿಕ್ಸ್, ಅಂದರೆ ವಿಮಾನ ವಿದ್ಯೆಯ ಕಾಲೇಜು, ಶುರುವಾಯಿತು. ವಿಶ್ವವಿದ್ಯಾಲಯ ಎಂಬ ಹೆಸರು ಬಂದದ್ದು 1993ರಲ್ಲಿ. ನೀವು ಲ್ಯಾಬ್‌ಗೆ ಹೋಗುವ ದಾರಿಯಲ್ಲಿ ಕಾಣುವ ದೊಡ್ಡ ಹ್ಯಾಂಗರ್‌ಗಳು (ವಿಮಾನ ನಿಲ್ಲಿಸುವ ಶೆಡ್‌ಗಳು) ಆ ವಾಯುಪಡೆಯ ಕಾಲದವೇ.

ಯುದ್ಧದ ಎಷ್ಟೋ ರನ್‌ವೇಗಳನ್ನು ಇಂಗ್ಲೆಂಡಿನಲ್ಲಿ ಕಿತ್ತು ಮತ್ತೆ ಹೊಲ ಮಾಡಿದರು. ಇಲ್ಲಿ ಮಾತ್ರ ವಿಮಾನ ಇವತ್ತಿಗೂ ಏರುತ್ತದೆ, ಇಳಿಯುತ್ತದೆ. ವಿಮಾನ ನಿಲ್ದಾಣ ವಿಶ್ವವಿದ್ಯಾಲಯದ್ದೇ. 2020ರ ಸೆಪ್ಟೆಂಬರ್‌ನಲ್ಲಿ ಹೈಡ್ರೋಜನ್‌ನಿಂದ ನಡೆಯುವ ಆರು ಸೀಟಿನ ವಿಮಾನವೊಂದು ಇಲ್ಲಿಂದಲೇ ಹಾರಿತು. ಏರೋ ಓದುವವರಿಗೆ ಹಾರುವ ವಿಮಾನದಲ್ಲೇ ಪ್ರಾಕ್ಟಿಕಲ್ ಇರುತ್ತದೆ. ಅವತ್ತು ಬೆಳಿಗ್ಗೆ ಹೊಟ್ಟೆ ತುಂಬಾ ತಿನ್ನಬೇಡಿ, ಅಷ್ಟೇ ಹೇಳುತ್ತೇನೆ.

ಬೆಂಗಳೂರಿನವರಿಗೆ ಇದು ತೀರಾ ಅಪರಿಚಿತ ಕಥೆಯಲ್ಲ. ನಮ್ಮಲ್ಲೂ ಎಚ್‌ಎಎಲ್ ಹುಟ್ಟಿದ್ದು 1940ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಐಐಎಸ್‌ಸಿ) ವಿಮಾನ ವಿಭಾಗ ಬಂದದ್ದು 1942ರಲ್ಲಿ. ಎರಡೂ ಯುದ್ಧಕಾಲದವೇ ಅಲ್ವಾ?

ಇನ್ನು ಬದುಕುವ ವಿಷಯ. ಜಾಗ ಸ್ವಲ್ಪ ಎತ್ತರದಲ್ಲಿದೆ, ಸುತ್ತ ಬಯಲು, ಹಾಗಾಗಿ ಗಾಳಿ ಜಾಸ್ತಿ. ನನ್ನ ಮೊದಲ ಕೊಡೆ ಎರಡೇ ದಿನಕ್ಕೆ ಉಲ್ಟಾ ಆಗಿ ಹೋಯಿತು. ಕೊಡೆಗೆ ದುಡ್ಡು ಹಾಕಬೇಡಿ, ತಲೆ ಮುಚ್ಚುವ ಟೋಪಿ ಇರುವ ಮಳೆ ಜಾಕೆಟ್ ತೆಗೆದುಕೊಳ್ಳಿ.

ಮನೆ ಬೆಡ್‌ಫರ್ಡ್‌ನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ಸಿಗುತ್ತದೆ, ಕ್ಯಾಂಪಸ್ ಇವೆರಡರ ನಡುವೆ. ಅಕ್ಕಿ, ಬೇಳೆ, ರಾಗಿ ಹಿಟ್ಟಿಗೂ ಅಲ್ಲಿಗೇ ಹೋಗಬೇಕು. ಬಾಡಿಗೆ ಒಪ್ಪುವ ಮೊದಲು ಕೊನೆಯ ಬಸ್ಸಿನ ಹೊತ್ತು ನೋಡಿಕೊಳ್ಳಿ. ನಾನು ನೋಡಿರಲಿಲ್ಲ. ಮೊದಲ ವಾರವೇ ರಾತ್ರಿ ಟ್ಯಾಕ್ಸಿಗೆ ಕೊಟ್ಟ ದುಡ್ಡನ್ನು ರೂಪಾಯಿಗೆ ಲೆಕ್ಕ ಹಾಕಿ ನಿದ್ದೆ ಬರಲಿಲ್ಲ. ಊರಿನ ಡ್ರೈವಿಂಗ್ ಲೈಸೆನ್ಸ್ ಇದ್ದರೆ ತನ್ನಿ, ಮೊದಲ 12 ತಿಂಗಳು ಅದರಲ್ಲೇ ಕಾರು ಓಡಿಸಬಹುದು.

ಡ್ರೋನ್ ತಂದವರು ಅದನ್ನು ಪೆಟ್ಟಿಗೆಯಲ್ಲೇ ಇಡಿ. ವಿಮಾನ ನಿಲ್ದಾಣದ ಸುತ್ತ ಅನುಮತಿ ಇಲ್ಲದೆ ಹಾರಿಸುವುದು ಕಾನೂನಿಗೆ ವಿರುದ್ಧ. ಬೇಲಿ ದಾಟಿ ರನ್‌ವೇ ಹತ್ತಿರ ಸೆಲ್ಫಿಗೆ ಹೋಗುವುದೂ ಬೇಡ.

ಒಂದು ಭಾನುವಾರ ಟ್ವಿನ್‌ವುಡ್ ನೋಡಿ ಬನ್ನಿ. ಬೆಡ್‌ಫರ್ಡ್‌ನ ಉತ್ತರಕ್ಕಿದೆ, ಯುದ್ಧದಲ್ಲಿ ಕ್ರ್ಯಾನ್‌ಫೀಲ್ಡ್‌ಗೆ ಉಪನೆಲೆಯಾಗಿತ್ತು. ಅಮೆರಿಕದ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್ 1944ರ ಡಿಸೆಂಬರ್ 15ರಂದು ಫ್ರಾನ್ಸ್‌ಗೆ ಹೊರಟು ವಿಮಾನ ಹತ್ತಿದ್ದು ಅಲ್ಲೇ. ಆ ವಿಮಾನ ಮತ್ತೆ ಸಿಗಲಿಲ್ಲ. ಹಳೆಯ ಕಂಟ್ರೋಲ್ ಟವರ್ ಈಗ ಅವರ ಮ್ಯೂಸಿಯಂ. ತೆರೆದಿರುವ ದಿನ ಮೊದಲೇ ನೋಡಿಕೊಳ್ಳಿ. ಬಸ್ ಹುಡುಕುತ್ತಾ ಕೂರಬೇಡಿ, ಕಾರಿರುವ ಸೀನಿಯರ್ ಒಬ್ಬರನ್ನು ಹುಡುಕಿ.