ಬಸಿರಿನಲ್ಲಿ ಒಸಡಿನಿಂದ ರಕ್ತ ಬಂತು, ನಾನು ಬ್ರಷ್ ಬಿಡಲಿಲ್ಲ

ನನಗಾಗ ಮೂರು ತಿಂಗಳು. ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ನೊರೆಯೆಲ್ಲಾ ಕೆಂಪು. ಗದಗಿನಲ್ಲಿ ಹಲ್ಲಿನ ಡಾಕ್ಟರಾಗಿ ಎಷ್ಟೋ ಬಸುರಿಯರಿಗೆ ಧೈರ್ಯ ಹೇಳಿದವಳು ನಾನು. ಆದರೂ ನನ್ನ ಬಾಯಲ್ಲೇ ರಕ್ತ ಕಂಡಾಗ ಎದೆ ಝಲ್ಲೆಂದಿತು. ಬೆಟಗೇರಿಯಿಂದ ಬಂದಿದ್ದ ಅವ್ವ, "ಬ್ರಷ್ ಬಿಡವ್ವಾ, ನಾಕ ದಿನಾ ಬರೇ ಬಾಯಿ ಮುಕ್ಕಳಿಸು, ತಾನ ಆರತೈತಿ" ಅಂದಳು.

ನನ್ನ ಹತ್ತಿರ ಬರುವ ಬಹಳ ಜನ ಮಾಡುವುದೂ ಇದನ್ನೇ. ಕೆಡುವುದೂ ಅಲ್ಲೇ.

ಬಸಿರಿನಲ್ಲಿ ಪ್ರೊಜೆಸ್ಟರಾನ್, ಈಸ್ಟ್ರೋಜೆನ್ ಎಂಬ ಹಾರ್ಮೋನುಗಳು ಏರುತ್ತವೆ. ಒಸಡಿಗೆ ರಕ್ತ ಜಾಸ್ತಿ ಹರಿಯುತ್ತದೆ, ಬೇಗ ಬಾತುಕೊಳ್ಳುತ್ತದೆ. ಮೊದಲು ತಡೆದುಕೊಳ್ಳುತ್ತಿದ್ದಷ್ಟೇ ಕೊಳೆಯನ್ನು ಈಗ ತಡೆಯಲ್ಲ. ಇನ್ನೊಂದು ವಿಷಯ ನನಗೆ ಓದುವಾಗಲೇ ಬೆರಗು ಹುಟ್ಟಿಸಿತ್ತು. ಪ್ರಿವೊಟೆಲ್ಲಾ ಇಂಟರ್‌ಮೀಡಿಯಾ ಎಂಬ ಬಾಯಿಯ ಬ್ಯಾಕ್ಟೀರಿಯಾ ತನಗೆ ಬೇಕಾದ ವಿಟಮಿನ್ ಕೆ ಬದಲು ಈ ಹಾರ್ಮೋನುಗಳನ್ನೇ ಬಳಸಿಕೊಂಡು ಬೆಳೆಯಬಲ್ಲದು. ಬ್ರಷ್ ಬಿಟ್ಟರೆ ಅದಕ್ಕೆ ಹಬ್ಬ.

ಕನ್ನಡಿ ಹಿಡಿದು ನೋಡಿಕೊಂಡೆ. ಕೆಳಗಿನ ಮುಂದಿನ ಎರಡು ಹಲ್ಲುಗಳ ನಡುವಿನ ಒಸಡು ದಾಳಿಂಬೆ ಕಾಳಿನ ಹಾಗೆ ಉಬ್ಬಿ ಮಿಂಚುತ್ತಿತ್ತು. ಮೆತ್ತನೆಯ ಬ್ರಷ್ ತಂದೆ. ಒಸಡು ಹಲ್ಲಿಗೆ ಸೇರುವ ಅಂಚಿಗೆ ಅದನ್ನು ಓರೆಯಾಗಿ ಇಟ್ಟು, ಒತ್ತದೆ, ಸಣ್ಣಗೆ ಸುತ್ತಿಸಿದೆ. ಹಲ್ಲಿನ ಒಳಬದಿಯನ್ನೂ ಬಿಡಲಿಲ್ಲ, ಕೊಳೆ ಗಟ್ಟಿಯಾಗಿ ಗಾರೆಯಂತೆ ಕಟ್ಟುವುದೇ ಅಲ್ಲಿ. ದಿನಕ್ಕೆರಡು ಸಲ. ಮೊದಲ ವಾರ ರಕ್ತ ಬರುತ್ತಲೇ ಇತ್ತು. ಎರಡನೇ ವಾರಕ್ಕೆ ನೊರೆ ಬೆಳ್ಳಗಾಯಿತು.

ವಾಂತಿಯಾದ ಕೂಡಲೇ ಮಾತ್ರ ಬ್ರಷ್ ಮುಟ್ಟುತ್ತಿರಲಿಲ್ಲ. ಹೊಟ್ಟೆಯ ಆಸಿಡ್ ಹಲ್ಲಿನ ಮೇಲ್ಪದರವನ್ನು ಮೆತ್ತಗೆ ಮಾಡಿರುತ್ತದೆ, ಆಗ ಉಜ್ಜಿದರೆ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಒಂದು ತಾಸು ಬಿಟ್ಟು ಉಜ್ಜುತ್ತಿದ್ದೆ. ಬಯಕೆ ಅಂತ ಅವ್ವ ಚಿಗಳಿ ಕುಟ್ಟಿಕೊಟ್ಟಿದ್ದಳು. ಹುಣಸೆಯ ಹುಳಿ, ಬೆಲ್ಲದ ಅಂಟು ಎರಡೂ ಹಲ್ಲಿಗೆ ಆಗಲ್ಲ. ದಿನವಿಡೀ ಚೀಪದೆ, ಊಟದ ಜೊತೆಗೇ ಒಂದು ತಿಂದು ಬಾಯಿ ತೊಳೆಯುತ್ತಿದ್ದೆ. ಅಷ್ಟೂ ಬಿಡು ಅಂದರೆ ಹೇಗೆ, ಅಲ್ವಾ?

ಐದನೇ ತಿಂಗಳಲ್ಲಿ ಹಲ್ಲಿನ ಡಾಕ್ಟರಾದ ಗೆಳತಿಯ ಕೈಯಲ್ಲಿ ಸ್ಕೇಲಿಂಗ್, ಅಂದರೆ ಹಲ್ಲು ಕ್ಲೀನ್ ಮಾಡಿಸಿಕೊಂಡೆ. ಬೆನ್ನ ಮೇಲೆ ನೇರ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ತಿರುಗಬಹುದು. ಅದಕ್ಕೇ ಬಲ ಸೊಂಟದ ಕೆಳಗೆ ದಿಂಬು ಇಟ್ಟಳು. ಈಗ ನನ್ನ ಕುರ್ಚಿಯ ಪಕ್ಕದಲ್ಲೂ ಅಂಥದೊಂದು ದಿಂಬು ಇದೆ.

"ಕೂಸಿಗೆ ಏನರ ಆಗತೈತೇನ್ರಿ ಮೇಡಂ?" ಎಂದು ಎಲ್ಲರೂ ಕೇಳುತ್ತಾರೆ. ನಾನು ಇದ್ದದ್ದನ್ನೇ ಹೇಳುತ್ತೇನೆ. ತಾಯಿಯ ಒಸಡಿನ ಬ್ಯಾಕ್ಟೀರಿಯಾ ರಕ್ತದ ಮೂಲಕ ಗರ್ಭ ಮುಟ್ಟಿದ ಉದಾಹರಣೆಗಳಿವೆ, ಆದರೆ ಅಪರೂಪ. 2006ರಲ್ಲಿ ಅಮೆರಿಕದಲ್ಲಿ ಒಸಡಿನ ಕಾಯಿಲೆಯಿದ್ದ 823 ಬಸುರಿಯರ ಮೇಲೆ ಮಾಡಿದ ದೊಡ್ಡ ಅಧ್ಯಯನ ಪ್ರಕಟವಾಯಿತು. ಹಲ್ಲು ಕ್ಲೀನ್ ಮಾಡಿಸಿದ್ದರಿಂದ ದಿನ ತುಂಬುವ ಮೊದಲೇ ಆಗುವ ಹೆರಿಗೆ ಕಡಿಮೆಯಾಗಲಿಲ್ಲ. ಆದರೆ ಒಸಡು ಸುಧಾರಿಸಿತು, ತಾಯಿಗೂ ಮಗುವಿಗೂ ತೊಂದರೆಯಾಗಲಿಲ್ಲ. ಅಂದರೆ ಹೆದರಿ ಹೆರಿಗೆಯವರೆಗೂ ನೋವು ನುಂಗಿಕೊಂಡು ಕೂರಬೇಕಾಗಿಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ನುಂಗುವುದು ಮಾತ್ರ ಬೇಡವೇ ಬೇಡ. ಐಬುಪ್ರೊಫೆನ್‌ನಂಥವು 20 ವಾರದ ನಂತರ ಮಗುವಿನ ಕಿಡ್ನಿಗೆ ತೊಂದರೆ ಕೊಡಬಹುದು. ಬರುವಾಗ ತಾಯಿ ಕಾರ್ಡ್ ತನ್ನಿ. ಎಷ್ಟನೇ ತಿಂಗಳು, ಯಾವ ಮಾತ್ರೆ ನಡೆದಿದೆ ಎಂದು ನೋಡಿಯೇ ನಾನು ಕೈ ಹಚ್ಚುತ್ತೇನೆ.